ಮಾತು ಸೋತವರ ಮನಸ್ಸನ್ನು ಅರಿತ ಲೂರಿಯಾ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಲಕ್ವ ಹೊಡೆದ ಹಿರಿಯರು ಮನೆಯ ಕಟ್ಟೆಯ ಮೇಲೆ ಮೌನವಾಗಿ ಕುಳಿತಿರುವ ದೃಶ್ಯ ಅಪರೂಪವೇನಲ್ಲ. ಬಲಗೈ ಮೇಲೇಳದು. ನೀರು ಬೇಕೆಂದು ಕೇಳಹೊರಟರೆ ಬಾಯಿಗೆ ಬೇರೆಯೇ ಪದ ಬರುತ್ತದೆ, ಇಲ್ಲವೇ ಯಾವ ಪದವೂ ಬರುವುದಿಲ್ಲ. ಮನೆಯವರು ಊಟ, ಔಷಧಿಗೆ ಕೊರತೆ ಮಾಡುವುದಿಲ್ಲ. ಆದರೆ ಬುದ್ಧಿಯೇ ಹೋಯಿತೆಂದು ಭಾವಿಸಿ ಹೊಲ, ಸಾಲ, ಸಂಬಂಧಗಳ ವಿಚಾರದಲ್ಲಿ ಅವರನ್ನು ಕೇಳುವುದನ್ನು ನಿಲ್ಲಿಸಿಬಿಡುತ್ತಾರೆ. ಮಾತು ಹೋದರೆ ಮನಸ್ಸೂ ಹೋದಂತೆ ಎಂಬ ಈ ತಿಳಿವಳಿಕೆ ಎಷ್ಟು ತಪ್ಪೆಂಬುದನ್ನು ತೋರಿಸಲು ಜೀವಮಾನವನ್ನೇ ಮುಡಿಪಿಟ್ಟವರು ರಷ್ಯದ ಅಲೆಕ್ಸಾಂಡರ್ ರೊಮಾನೊವಿಚ್ ಲೂರಿಯಾ. ನರಮನೋವಿಜ್ಞಾನವೆಂಬ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಅವರು ಪ್ರಮುಖರು.

ವೋಲ್ಗಾ ತೀರದ ಕಜಾನ್ ನಗರದಲ್ಲಿ 1902ರಲ್ಲಿ, ಯಹೂದಿ ವೈದ್ಯರೊಬ್ಬರ ಮಗನಾಗಿ ಲೂರಿಯಾ ಜನಿಸಿದರು. ಕ್ರಾಂತಿಯ ಗದ್ದಲದ ನಡುವೆಯೇ ಕಜಾನ್ ವಿಶ್ವವಿದ್ಯಾಲಯ ಸೇರಿ 1921ರಲ್ಲಿ ಪದವಿ ಪಡೆದರು. ಇಪ್ಪತ್ತರ ಹರೆಯದಲ್ಲಿಯೇ ಊರಿನಲ್ಲೊಂದು ಮನೋವಿಶ್ಲೇಷಣಾ ಮಂಡಲಿ ಕಟ್ಟಿ ಸಿಗ್ಮಂಡ್ ಫ್ರಾಯ್ಡ್ ಅವರೊಡನೆ ಪತ್ರವ್ಯವಹಾರ ನಡೆಸಿದ ಉತ್ಸಾಹಿ ಅವರು. ಮಾಸ್ಕೋಗೆ ಹೋದ ಮೇಲೆ 1924ರಲ್ಲಿ ಲೆವ್ ವಿಗೋಟ್ಸ್ಕಿ ಅವರ ಭೇಟಿಯಾಯಿತು. ಮನುಷ್ಯನ ಆಲೋಚನೆ ತಲೆಬುರುಡೆಯೊಳಗೆ ತಾನೇ ತಾನಾಗಿ ಹುಟ್ಟುವುದಿಲ್ಲ, ಭಾಷೆ ಮತ್ತು ಸಮಾಜಗಳ ಮೂಲಕ ರೂಪುಗೊಳ್ಳುತ್ತದೆ ಎಂಬುದು ವಿಗೋಟ್ಸ್ಕಿ ಅವರ ಮೂಲಭೂತ ನಿಲುವು. ಕ್ಷಯಕ್ಕೆ ತುತ್ತಾಗಿ 1934ರಲ್ಲಿ, 37ನೆಯ ವಯಸ್ಸಿಗೆ ಅವರು ತೀರಿಕೊಂಡರೂ ಲೂರಿಯಾ ಆ ನಿಲುವನ್ನು ಕೊನೆಯವರೆಗೆ ಕೈಬಿಡಲಿಲ್ಲ.

ಆ ನಿಲುವನ್ನು ಪರೀಕ್ಷಿಸಲೆಂದೇ ಅವರು 1931 ಮತ್ತು 1932ರಲ್ಲಿ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ತೆರಳಿದರು. ಶಾಲೆಯನ್ನೇ ಕಾಣದ ರೈತರ ಮುಂದೆ ತರ್ಕದ ಪ್ರಶ್ನೆಗಳನ್ನಿಟ್ಟರು. ಉತ್ತರದ ಹಿಮನಾಡಿನ ಕರಡಿಗಳೆಲ್ಲ ಬಿಳಿ, ಇಂಥ ಊರು ಅಲ್ಲಿದೆ, ಹಾಗಾದರೆ ಅಲ್ಲಿನ ಕರಡಿಯ ಬಣ್ಣ ಯಾವುದೆಂದು ಕೇಳಿದರೆ, ತಾವು ಆ ಊರನ್ನು ಕಂಡಿಲ್ಲವೆಂದು ರೈತರು ಹೇಳಿದರು. ಅದು ದಡ್ಡತನವಾಗಿರಲಿಲ್ಲ. ಕಾಣದ್ದನ್ನು ಕುರಿತು ಮಾತನಾಡಬಾರದೆಂಬ ವಿವೇಕವೂ ಅದರಲ್ಲಿತ್ತು. ಕೆಲವು ವರ್ಷ ಓದಿದವರು ಅದೇ ಪ್ರಶ್ನೆಗೆ ಸಲೀಸಾಗಿ ಉತ್ತರಿಸಿದರು. ಅಲ್ಪಸಂಖ್ಯಾತ ಜನಾಂಗಗಳನ್ನು ಹೀಗಳೆದರೆಂಬ ಆರೋಪ ಬಂದು ಆ ಅಧ್ಯಯನ ಮೂಲೆಗೆ ಬಿತ್ತು. ಅದು ಪುಸ್ತಕವಾಗಿ ಹೊರಬಂದದ್ದು 1974ರಲ್ಲಿ. ಓದು ಬಾರದ ಹಿರಿಯರಿಗೆ ಲೆಕ್ಕ ಕೊಟ್ಟು, ಅವರು ತಪ್ಪಿದಾಗ ಮರೆಗುಳಿತನವೆಂದು ಷರಾ ಬರೆಯುವ ಮೊದಲು ಇಂದಿನ ವೈದ್ಯರೂ ನೆನೆಯಬೇಕಾದ ಪಾಠ ಇದು.

ಮೆದುಳಿನ ಕಡೆಗೆ ಲೂರಿಯಾ ಹೊರಳಿದ್ದು ಆ ಬಳಿಕ. ಮನಶ್ಶಾಸ್ತ್ರಜ್ಞರಾಗಿ ಹೆಸರು ಮಾಡಿದ್ದರೂ ಮತ್ತೆ ವಿದ್ಯಾರ್ಥಿಯಾಗಿ ವೈದ್ಯಕೀಯ ಓದಿ 1937ರಲ್ಲಿ ಪದವಿ ಪಡೆದರು. ಮಾತಿಗೂ ಮೆದುಳಿಗೂ ಇರುವ ನಂಟಿನ ಚರ್ಚೆ ಹಳೆಯದು. ಫ್ರಾನ್ಸಿನ ಪಾಲ್ ಬ್ರೋಕಾ 1861ರಲ್ಲಿ ಮೆದುಳಿನ ಎಡಭಾಗದ ಮುಂದಿನ ಒಂದು ಪ್ರದೇಶವನ್ನು ಮಾತಾಡುವ ಶಕ್ತಿಯೊಡನೆಯೂ, ಜರ್ಮನಿಯ ಕಾರ್ಲ್ ವೆರ್ನಿಕೆ 1874ರಲ್ಲಿ ಹಿಂದಿನ ಒಂದು ಪ್ರದೇಶವನ್ನು ಮಾತು ಅರಿಯುವ ಶಕ್ತಿಯೊಡನೆಯೂ ಜೋಡಿಸಿದ್ದರು. ಒಂದು ಶಕ್ತಿಗೆ ಒಂದು ಜಾಗವೆಂಬ ಈ ನಕ್ಷೆ ಲೂರಿಯಾ ಅವರಿಗೆ ಸಾಲದೆನಿಸಿತು. ಹಾಗೆಂದು ಮೆದುಳೆಲ್ಲ ಒಂದೇ ಮುದ್ದೆ ಎಂಬ ವಾದವನ್ನೂ ಅವರು ಒಪ್ಪಲಿಲ್ಲ. ಎಚ್ಚರವನ್ನು ಕಾಯುವ ಆಳದ ಭಾಗ, ಕಂಡು ಕೇಳಿದ್ದನ್ನು ಗ್ರಹಿಸಿ ಕೂಡಿಡುವ ಹಿಂಭಾಗ, ಯೋಜಿಸಿ ನಡೆಸುವ ಮುಂಭಾಗ ಈ ಮೂರೂ ಕೂಡಿ ದುಡಿದಾಗ ಮಾತ್ರ ಓದು, ಬರಹ, ಮಾತು ಸಾಧ್ಯವೆಂಬುದು ಅವರ ಸಿದ್ಧಾಂತ. ಭತ್ತದ ನಾಟಿಯಲ್ಲಿ ಸಸಿ ಕೀಳುವವರು, ಹೊರುವವರು, ನೆಡುವವರು ಬೇರೆ ಬೇರೆ. ಯಾರೊಬ್ಬರು ತಪ್ಪಿದರೂ ಕೆಲಸ ಕೆಡುತ್ತದೆ, ಆದರೆ ಕೆಡುವ ರೀತಿ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಗುರುತಿಸುವುದೇ ಲೂರಿಯಾ ಅವರಿಗೆ ರೋಗಿಯ ಪರೀಕ್ಷೆಯ ತಿರುಳಾಗಿತ್ತು.

ಆ ಸಿದ್ಧಾಂತವನ್ನು ಒರೆಗೆ ಹಚ್ಚಿದ್ದು ಎರಡನೆಯ ಮಹಾಯುದ್ಧ. ಯೂರಲ್ ಪರ್ವತ ಸೀಮೆಯ ಕಿಸೆಗಾಚ್ ಎಂಬಲ್ಲಿ 400 ಹಾಸಿಗೆಗಳ ಪುನಶ್ಚೇತನ ಆಸ್ಪತ್ರೆಯ ಹೊಣೆ ಅವರ ಹೆಗಲೇರಿತು. ತಲೆಗೆ ಗುಂಡು ತಗುಲಿ ಬದುಕುಳಿದ ಸೈನಿಕರು ಅಲ್ಲಿಗೆ ಬರುತ್ತಿದ್ದರು. ಅವರಲ್ಲೊಬ್ಬರು ಲೆವ್ ಜಸೆಟ್ಸ್ಕಿ. ತಾಂತ್ರಿಕ ವಿದ್ಯಾರ್ಥಿಯಾಗಿದ್ದ ಈ ಯುವಕನಿಗೆ 1943ರ ಮಾರ್ಚ್‌ನಲ್ಲಿ ಮೆದುಳಿನ ಎಡ ಹಿಂಭಾಗಕ್ಕೆ ಗುಂಡೇಟು ಬಿತ್ತು. ಪದಗಳ ಅರ್ಥ ಬಿಡಿಬಿಡಿಯಾಗಿ ಹೊಳೆದರೂ ಅವುಗಳ ಸಂಬಂಧ ತಪ್ಪಿಹೋಗುತ್ತಿತ್ತು. ತಂದೆಯ ತಮ್ಮ ಮತ್ತು ತಮ್ಮನ ತಂದೆ ಇವೆರಡರ ನಡುವಣ ವ್ಯತ್ಯಾಸ ಇಂಥ ರೋಗಿಗಳಿಗೆ ತಿಳಿಯದು. ಕನ್ನಡದಲ್ಲಿ ಈ ವ್ಯತ್ಯಾಸವನ್ನು ಹೊತ್ತಿರುವುದು ಒಂದು ಪುಟ್ಟ ವಿಭಕ್ತಿ ಪ್ರತ್ಯಯ. ಅದು ಕಳಚಿಬಿದ್ದರೆ ತಂದೆಯನ್ನೂ ತಮ್ಮನನ್ನೂ ಬಲ್ಲ ಮನುಷ್ಯನೇ ಇಬ್ಬರ ನಡುವೆ ದಾರಿ ತಪ್ಪುತ್ತಾನೆ.

ಜಸೆಟ್ಸ್ಕಿ ಅವರಿಗೆ ಓದಲು ಬರುತ್ತಿರಲಿಲ್ಲ, ಅಕ್ಷರವನ್ನು ನೆನೆದು ಬರೆಯಲೂ ಆಗುತ್ತಿರಲಿಲ್ಲ. ಒಂದೊಂದೇ ಅಕ್ಷರವನ್ನು ಯೋಚಿಸುವ ಬದಲು ಕೈ ಎತ್ತದೆ ಇಡೀ ಪದವನ್ನು ಒಮ್ಮೆಲೇ ಬರೆಯಲು ಆಸ್ಪತ್ರೆಯಲ್ಲಿ ಸೂಚಿಸಿದರು. ಕಣ್ಣು ಮರೆತದ್ದನ್ನು ಕೈ ನೆನಪಿಟ್ಟುಕೊಂಡಿತ್ತು. ತಾವು ಬರೆದದ್ದನ್ನು ತಾವೇ ಓದಲು ಹೆಣಗಬೇಕಿದ್ದ ಆ ಮನುಷ್ಯ ಸುಮಾರು 25 ವರ್ಷಗಳಲ್ಲಿ 3000 ಪುಟಗಳಷ್ಟು ಬರೆದರು. ಎಷ್ಟೋ ದಿನ ಕೆಲವೇ ಸಾಲುಗಳು ಸಾಗಿದರೂ ಅವರು ಬಿಡಲಿಲ್ಲ. ಮೆದುಳಿನ ಮುಂಭಾಗ ಉಳಿದಿದ್ದರಿಂದ ತಮ್ಮ ಕೊರತೆಯ ಅರಿವೂ ಅದನ್ನು ಮೀರುವ ಛಲವೂ ಅವರಲ್ಲಿ ಉಳಿದಿದ್ದವು. ಆ ಬರಹದೊಡನೆ ತಮ್ಮ ವಿವರಣೆಯನ್ನು ಹೆಣೆದು ಲೂರಿಯಾ 1971ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಮುಂದೆ ಆಲಿವರ್ ಸ್ಯಾಕ್ಸ್ ಅವರಂಥ ವೈದ್ಯ ಲೇಖಕರಿಗೆ ಅದು ದಾರಿದೀಪವಾಯಿತು.

ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ತೆರೆಯಬೇಕೆಂಬುದು ಅವರ ಚಿಕಿತ್ಸೆಯ ಸೂತ್ರ. ಸಮತಟ್ಟಾದ ನೆಲದಲ್ಲಿ ಹೆಜ್ಜೆ ಎತ್ತಲಾಗದ ಪಾರ್ಕಿನ್ಸನ್ ರೋಗಿಗಳು, ನೆಲದ ಮೇಲೆ ಕಾಗದದ ಚೂರುಗಳನ್ನಿಟ್ಟರೆ ಅವುಗಳನ್ನು ದಾಟುತ್ತಾ ನಡೆಯಬಲ್ಲರೆಂಬುದನ್ನು ವಿಗೋಟ್ಸ್ಕಿ ಮತ್ತು ಲೂರಿಯಾ ಕಂಡಿದ್ದರು. ಹೆಸರುಗಳನ್ನು ಹೇಳಬಲ್ಲ, ಆದರೆ ತಾವಾಗಿ ಮಾತು ಆರಂಭಿಸಲಾರದ ರೋಗಿಗಳ ಮುಂದೆಯೂ ಅವರು ಕಾಗದದ ಚೀಟಿಗಳನ್ನಿಟ್ಟು ಮಾತಿನ ಕ್ರಮವನ್ನು ಕಣ್ಣಿಗೆ ಕಾಣಿಸಿದರು.

ಅಧಿಕಾರಸ್ಥರ ಅವಕೃಪೆ ಅವರನ್ನು ಬಿಡಲಿಲ್ಲ. ಸ್ಟಾಲಿನ್ ಆಡಳಿತದ ಕೊನೆಯ ವರ್ಷಗಳಲ್ಲಿ ಯಹೂದಿ ವಿದ್ವಾಂಸರ ಮೇಲೆ ಸಂಶಯ ಕವಿದಾಗ ನರಶಸ್ತ್ರಚಿಕಿತ್ಸಾ ಸಂಸ್ಥೆಯ ಹುದ್ದೆ ಕಳೆದುಕೊಂಡು, ಬುದ್ಧಿಮಾಂದ್ಯ ಮಕ್ಕಳ ಅಧ್ಯಯನಕ್ಕೆ ತೊಡಗಿದರು. ಕೆಲವು ವರ್ಷಗಳ ತರುವಾಯ ಮರಳಿ ಬಂದು 1962ರಲ್ಲಿ ಮೆದುಳಿನ ಉನ್ನತ ಕಾರ್ಯಗಳನ್ನು ಕುರಿತ ಮೇರುಕೃತಿಯನ್ನು ಹೊರತಂದರು. 1977ರ ಆಗಸ್ಟ್ 14ರಂದು ಮಾಸ್ಕೋದಲ್ಲಿ ನಿಧನರಾದರು.

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ನೆಲೆಯಿಲ್ಲದಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳು ದಶಕಗಳಿಂದ ಈ ಕೆಲಸದಲ್ಲಿವೆ. ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರೊಬ್ಬರು ಮೆದುಳಿನ ಹಾನಿಯಿಂದ ಓದುವ ಶಕ್ತಿ ಕಳೆದುಕೊಂಡುದನ್ನು ಕುರಿತ ಪ್ರತಿಭಾ ಕಾರಂತ ಅವರ ಅಧ್ಯಯನ 1981ರಲ್ಲಿಯೇ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂದಿತ್ತು. ಆದರೆ ಹಿರೇಕೆರೂರಿನ ರೈತನಿಗೆ ಬೆಂಗಳೂರೂ ದೂರ, ಮೈಸೂರೂ ದೂರ. ಮಾತಿನ ಚಿಕಿತ್ಸೆ ಒಂದು ದಿನದ್ದಲ್ಲ, ತಿಂಗಳುಗಟ್ಟಲೆ ನಡೆಯಬೇಕಾದದ್ದು. ಅದು ರೋಗಿಯ ಊರಿನ ಹತ್ತಿರವೇ ಸಿಗಬೇಕು.

ಅಷ್ಟೇ ಮುಖ್ಯವಾಗಿ, ಅದು ರೋಗಿಯ ಮಾತಿನಲ್ಲಿಯೇ ನಡೆಯಬೇಕು. ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ ಮನೆಯೊಳಗೆ ಉರ್ದು, ಪೇಟೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. ತಾಂಡಾಗಳಲ್ಲಿ ಲಂಬಾಣಿ ಮಾತಿದೆ. ಯಾವ ಭಾಷೆ ಎಷ್ಟು ಉಳಿದಿದೆಯೆಂದು ಕೇಳದೆ ಮಾಡಿದ ಪರೀಕ್ಷೆ ಅರ್ಧ ಪರೀಕ್ಷೆ. ಎಂದೂ ಕಾಣದ ವಸ್ತುಗಳ ಚಿತ್ರ ತೋರಿಸಿ ಹೆಸರು ಕೇಳುವುದಕ್ಕಿಂತ ವೀಳ್ಯದೆಲೆ, ಕೂರಿಗೆ, ಸವಣೂರಿನ ದೊಡ್ಡಹುಣಸೆ ಮರಗಳನ್ನು ತೋರಿಸಿ ಕೇಳುವುದು ಹೆಚ್ಚು ಶಾಸ್ತ್ರೀಯ. ಉಜ್ಬೆಕ್ ಹಳ್ಳಿಗಳಿಂದ ಲೂರಿಯಾ ಕಲಿತು ಬಂದದ್ದೂ ಇದನ್ನೇ.

ಜಿಲ್ಲೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ವಾಕ್ ಚಿಕಿತ್ಸಕರನ್ನು ನೇಮಿಸುವುದು ಸರ್ಕಾರದ ಕೆಲಸ. ಅದಕ್ಕೆ ಕಾಯದೆ ಮನೆಯವರು ಮಾಡಬಹುದಾದದ್ದೊಂದಿದೆ. ಕಟ್ಟೆಯ ಮೇಲೆ ಕುಳಿತ ಹಿರಿಯರೆದುರು ಕುಳಿತು, ಒಂದೊಂದೇ ಪ್ರಶ್ನೆಯನ್ನು ನಿಧಾನವಾಗಿ ಕೇಳಿ, ತಲೆದೂಗಿಯೋ ಎಡಗೈಯಿಂದ ತೋರಿಸಿಯೋ ಅವರು ಉತ್ತರಿಸುವವರೆಗೆ ಕಾಯಬೇಕು. ಈ ಸಲ ಹೊಲಕ್ಕೆ ಏನು ಬಿತ್ತಬೇಕೆಂಬುದು ಅವರಿಗೆ ಇನ್ನೂ ಗೊತ್ತಿರಬಹುದು.