ತೆರೆದಿದ್ದ ಬಾಗಿಲು

ಈವತ್ತು ನಾನು ಪಂಡಿತಾ ರಮಾಬಾಯಿಯವರ ಜೀವಿತ ಹೇಳ್ತೀನಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಬರಗಾಲದಲ್ಲಿ ತಂದೆತಾಯಿ ತೀರಿಕೊಂಡರು. ಮದುವೆಯಾಗಿ ಎರಡು ವರ್ಷ ತುಂಬೋ ಮೊದಲೇ ಗಂಡನೂ ಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತಗೊಂಡರು.

1889ರಲ್ಲಿ ಬಾಲವಿಧವೆಯರಿಗಾಗಿ ಮುಂಬೈಯಲ್ಲಿ ಶಾರದಾ ಸದನ ತೆರೆದು, ಆಮೇಲೆ ಪುಣೆಗೆ ತಂದರು. ಯಾರ ಧರ್ಮಕ್ಕೂ ಕೈಹಾಕಲ್ಲ ಅಂತ ಮಾತು ಕೊಟ್ಟಿದ್ದರು. ಆದರೆ ಅವರು ಪ್ರಾರ್ಥಿಸುವಾಗ ಹುಡುಗಿಯರು ತಾವಾಗೇ ಬಂದು ಕೂತರು. ಬಾಗಿಲು ಹಾಕಿದ್ರೆ ನಂಬಿಕೆ ಮುಚ್ಚಿಟ್ಟ ಹಾಗೆ, ಬಲವಂತ ಮಾಡಿದ್ರೆ ಮಾತಿಗೆ ತಪ್ಪಿದ ಹಾಗೆ. ಅವರು ಎರಡನ್ನೂ ಮಾಡಲಿಲ್ಲ. 1893ರಲ್ಲಿ ಸಲಹಾ ಸಮಿತಿಯ ದೊಡ್ಡವರು ರಾಜೀನಾಮೆ ಕೊಟ್ಟರು, ಅನೇಕ ಹುಡುಗಿಯರನ್ನ ಮನೆಯವರು ಕರ್ಕೊಂಡು ಹೋದರು. ಬಾಗಿಲು ಮಾತ್ರ ತೆರೆದೇ ಇತ್ತು. 1896-97ರ ಬರದಲ್ಲಿ ನೂರಾರು ಅನಾಥೆಯರು ಅವರ ಆಶ್ರಯಕ್ಕೆ ಬಂದರು. 1905ರಲ್ಲಿ ಅವರ ಮುಕ್ತಿ ಮಿಷನ್ನಿನಲ್ಲಿ ಉಜ್ಜೀವನ ಇಳಿದು ಬಂತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಿಂದ ಸಿಟಿಗೆ ಬಂದವರೇ, ಅಟ್ಟದ ಕಾಯನ್ನ ಅಲ್ಲಾಡಿಸಿ, ಒಳಗೆ ಕೊಬ್ಬರಿ ಸದ್ದು ಮಾಡಿದ ಮೇಲೆ ತಾನೇ ಸುಲಿಯೋದು? ಕೆಲಸ, ಮದುವೆ, ದುಡ್ಡಿನ ನಿರ್ಧಾರವನ್ನೂ ಹಾಗೇ ಅಲ್ಲಾಡಿಸಿ ನೋಡಿ: ಇದರಲ್ಲಿ ನಂಬಿಕೆ ಮುಚ್ಚಿಡ್ತಿದ್ದೀನಾ? ಕೊಟ್ಟ ಮಾತು ಮುರೀತಿದ್ದೀನಾ? ತಿಳೀದಿದ್ರೆ ಯಾಕೋಬ 1:5 ಹಿಡಿದು ಜ್ಞಾನಕ್ಕಾಗಿ ಬೇಡಿ. ಸಿಕ್ಕ ಮೇಲೆ, ನಷ್ಟವಾದರೂ ನಿಲ್ಲಿ. ಆಮೆನ್.