ಶೋಕದ ಮನೆಗೆ ಬಂಧುವಾದ ಐಡಾ ಬಿ. ವೆಲ್ಸ್

ಸಾವಿನ ಸುದ್ದಿ ಬರೆಯುವವರು ಅಂತ್ಯಕ್ರಿಯೆ ಮುಗಿಯುವ ಮೊದಲೇ ಮುಂದಿನ ಸುದ್ದಿಗೆ ಹೊರಡುವುದುಂಟು. ಹಾಗೆ ಹೊರಟುಹೋಗದ ಪತ್ರಕರ್ತೆಯೊಬ್ಬರ ಬಾಳನ್ನು ಈ ವಾರ ನಾವು ಸ್ಮರಿಸೋಣ.

ಐಡಾ ಬಿ. ವೆಲ್ಸ್ 1862ರ ಜುಲೈ 16ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹಾಲಿ ಸ್ಪ್ರಿಂಗ್ಸ್‌ನಲ್ಲಿ ಗುಲಾಮ ದಂಪತಿಗಳ ಮಗಳಾಗಿ ಜನಿಸಿದರು. 1878ರ ಹಳದಿ ಜ್ವರವು ತಂದೆ, ತಾಯಿ ಹಾಗೂ ಎಳೆಯ ತಮ್ಮನನ್ನು ಒಯ್ದಾಗ ಅವರಿಗೆ 16 ವರ್ಷ. ಶಿಕ್ಷಕಿಯಾಗಿ ದುಡಿದು ಒಡಹುಟ್ಟಿದವರನ್ನು ಸಾಕಿದರು. ಅನಂತರ ಮೆಂಫಿಸ್ ನಗರದ ‘ಫ್ರೀ ಸ್ಪೀಚ್’ ಪತ್ರಿಕೆಯ ಪಾಲುದಾರರೂ ಸಂಪಾದಕರೂ ಆದರು.

ಅಲ್ಲಿನ ಅಂಚೆಯವರಾದ ಥಾಮಸ್ ಮಾಸ್ ಅವರ ಆಪ್ತಮಿತ್ರರು. ಮಾಸ್‌ರ ಮಗಳಿಗೆ ವೆಲ್ಸ್ ಜ್ಞಾನತಾಯಿ. ಮಾಸ್ ಗೆಳೆಯರೊಡನೆ ನಡೆಸುತ್ತಿದ್ದ ದಿನಸಿ ಅಂಗಡಿಯು ಬಿಳಿಯ ವರ್ತಕನೊಬ್ಬನ ಕಣ್ಣು ಕುಕ್ಕಿತು, ಕಲಹ ಬೆಳೆಯಿತು. 1892ರ ಮಾರ್ಚ್ 9ರಂದು ಗುಂಪೊಂದು ಮಾಸ್ ಹಾಗೂ ಇಬ್ಬರು ಸಂಗಡಿಗರನ್ನು ಸೆರೆಮನೆಯಿಂದ ಎಳೆದೊಯ್ದು ಗುಂಡಿಟ್ಟು ಕೊಂದಿತು. ಮನೆಯಲ್ಲಿ ಗರ್ಭಿಣಿ ಪತ್ನಿ ಉಳಿದರು.

ಗುಂಪುಹತ್ಯೆಗೆ ಬಲಿಯಾಗುವವರು ಸ್ತ್ರೀಯರ ಮೇಲೆ ಕೈಮಾಡಿದವರೆಂಬ ಮಾತನ್ನು ಅಂದಿನವರೆಗೆ ವೆಲ್ಸ್ ಕೂಡ ನಂಬಿದ್ದರು. ತಾವು ಬಲ್ಲ ಮನೆಯ ಶೋಕವು ಆ ನಂಬಿಕೆಯನ್ನು ಒಡೆಯಿತು. ಅವರು ಇಂಥ ಕೊಲೆಗಳನ್ನು ಒಂದೊಂದಾಗಿ ವಿಚಾರಿಸಿ ಬರೆದರು. ಅದೇ ಮೇ ತಿಂಗಳಲ್ಲಿ ಪತ್ರಿಕೆಯ ಕಚೇರಿ ಧ್ವಂಸವಾಯಿತು. ಜೀವಬೆದರಿಕೆಯಿಂದ ಊರಿಗೆ ಮರಳುವ ದಾರಿ ಮುಚ್ಚಿತು.

ಆತ್ಮೀಯತೆ ಸತ್ಯವನ್ನು ಮಸುಕುಗೊಳಿಸುವುದೆಂದು ತರ್ಕಿಸುವವರಿದ್ದಾರೆ. ವೆಲ್ಸ್ ತಮ್ಮ 1895ರ ‘ಎ ರೆಡ್ ರೆಕಾರ್ಡ್’ ಕೃತಿಗೆ ಬಿಳಿಯರ ಪತ್ರಿಕೆಗಳು ಅಚ್ಚುಮಾಡಿದ ಅಂಕಿಗಳನ್ನೇ ಆಧಾರವಾಗಿಟ್ಟರು. ಪ್ರೀತಿ ಅವರನ್ನು ಶೋಧನೆಗೆ ಹಚ್ಚಿತು. ಸಾಕ್ಷ್ಯವನ್ನು ಮಾತ್ರ ಅವರು ಹೊರಗಿನಿಂದಲೇ ತಂದರು.

1919ರಲ್ಲಿ ಅರ್ಕಾನ್ಸಾ ರಾಜ್ಯದ ಇಲೇನ್ ಬಳಿ, ಹತ್ತಿಗೆ ನ್ಯಾಯವಾದ ಬೆಲೆ ಬೇಡಲು ಸಂಘಟಿತರಾದ ಕಪ್ಪು ಗೇಣಿದಾರರ ಹತ್ಯಾಕಾಂಡ ನಡೆಯಿತು. ಮರಣದಂಡನೆಯಾದದ್ದು ಮಾತ್ರ ಅವರಲ್ಲೇ 12 ಮಂದಿಗೆ. ವೆಲ್ಸ್ ಅವರಿಗಾಗಿ ಹಣ ಕೂಡಿಸಿದರು. ಅನಂತರ ಕೈದಿಗಳ ಪತ್ನಿಯರು, ತಾಯಂದಿರ ನಡುವೆ ತಾವೂ ಒಬ್ಬ ನೆಂಟಳಂತೆ ಸೆರೆಮನೆ ಹೊಕ್ಕು ಅವರ ಕಥೆ ಕೇಳಿ ಬರೆದುಕೊಂಡರು. ಮರಣಕ್ಕೆ ಸಿದ್ಧರಾಗಿ ಹಾಡುತ್ತಿದ್ದವರಿಗೆ, ಬಿಡುಗಡೆಗಾಗಿ ಪ್ರಾರ್ಥಿಸಿರೆಂದು ಧೈರ್ಯ ಹೇಳಿದರು. 1925ರೊಳಗೆ ಆ 12 ಮಂದಿಯೂ ಬಿಡುಗಡೆ ಹೊಂದಿದರು. ಅವರಲ್ಲೊಬ್ಬನು ಷಿಕಾಗೋದಲ್ಲಿ ವೆಲ್ಸ್‌ರ ಮನೆಯನ್ನು ಹುಡುಕಿಕೊಂಡು ಬಂದು ಕೃತಜ್ಞತೆ ಸಲ್ಲಿಸಿದನು.

ವೆಲ್ಸ್ 1931ರ ಮಾರ್ಚ್ 25ರಂದು ನಿಧನರಾದರು. ಪುಲಿಟ್ಜರ್ ಗೌರವ ಅವರಿಗೆ ಸಂದದ್ದು 2020ರಲ್ಲಿ. ದುಃಖದ ಕುರಿತು ತಿಳಿಯುವುದು ಒಂದು, ದುಃಖಿತರನ್ನು ಅರಿಯುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ದಿನದ ಪತ್ರಿಕೆ ಸಾಕು. ಎರಡನೆಯದಕ್ಕೆ ಆ ಮನೆಗೆ ಮತ್ತೆ ಮತ್ತೆ ಹೋಗಬೇಕು. ನಮ್ಮ ನೆರೆಯ ಶೋಕದ ಮನೆಗೆ ತಿಂಗಳ ಪೂಜೆಯ ಬಳಿಕವೂ ನಾವು ಹೋಗುತ್ತೇವೆಯೇ?