ರೂಸ್‌ವೆಲ್ಟ್ ಹತ್ತಿದ ಮೆಟ್ಟಿಲುಗಳು

ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೆಸರು ನಾವೆಲ್ಲ ಹೈಸ್ಕೂಲಿನಲ್ಲೇ ಕೇಳಿದ್ದೇವೆ. ಅಮೆರಿಕದಲ್ಲಿ ನಾಲ್ಕು ಸಲ ಅಧ್ಯಕ್ಷ ಚುನಾವಣೆ ಗೆದ್ದವರು ಅವರೊಬ್ಬರೇ. ಎರಡನೇ ಮಹಾಯುದ್ಧದ ಪಾಠದಲ್ಲಿ ಒಂದು ಫೋಟೋ ಇರುತ್ತಲ್ಲ, ಯಾಲ್ಟಾದಲ್ಲಿ ಚರ್ಚಿಲ್ ಮತ್ತು ಸ್ಟಾಲಿನ್ ನಡುವೆ ಕೂತಿರುವವರು, ಅವರೇ. ಆ ಫೋಟೋದಲ್ಲಿ ಅವರು ಕೂತಿರುವುದಕ್ಕೆ ಒಂದು ಕಾರಣ ಇದೆ. ಅಧ್ಯಕ್ಷರಾಗಿದ್ದ 12 ವರ್ಷವೂ ಅವರಿಗೆ ತಮ್ಮ ಕಾಲಿನ ಬಲದಲ್ಲಿ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ನಾವು ಮೊಬೈಲ್ ನೋಡುತ್ತಾ ಎರಡೆರಡು ಮೆಟ್ಟಿಲು ಹಾರಿ ಹೋಗುತ್ತೇವೆ. ಅವರಿಗೆ ಒಂದೊಂದು ಮೆಟ್ಟಿಲೂ ಒಂದು ಪ್ರಾಬ್ಲಮ್ ಆಗಿತ್ತು. ಯುದ್ಧದ ಕತೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ನಾನಿಲ್ಲಿ ಆ ಮೆಟ್ಟಿಲುಗಳ ಕತೆ ಹೇಳುತ್ತೇನೆ.

ರೂಸ್‌ವೆಲ್ಟ್ ಹುಟ್ಟಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ. ಹಡ್ಸನ್ ನದಿ ಪಕ್ಕದ ದೊಡ್ಡ ಬಂಗಲೆ, ತುಂಬಾ ಅನುಕೂಲಸ್ಥರ ಮನೆ. ಹಾರ್ವರ್ಡ್‌ನಲ್ಲಿ ಓದಿದರು, ಆಮೇಲೆ ಕಾನೂನು ಓದಿ ವಕೀಲರಾದರು. 1905ರಲ್ಲಿ ಎಲಿನಾರ್ ಅವರನ್ನು ಮದುವೆಯಾದರು. 1910ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಟ್‌ಗೆ ಗೆದ್ದರು. 1913ರಿಂದ ಏಳು ವರ್ಷ ನೌಕಾಪಡೆ ಇಲಾಖೆಯ ಸಹಾಯಕ ಕಾರ್ಯದರ್ಶಿ. 1920ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. ಆದರೂ ದೇಶಕ್ಕೆಲ್ಲ ಪರಿಚಯವಾದರು. ಎತ್ತರದ ಆಳು, ಈಜು, ಹಾಯಿದೋಣಿ, ಗಾಲ್ಫ್ ಎಲ್ಲದರಲ್ಲೂ ಮುಂದೆ. ಮುಂದಿನ ದಾರಿ ಸಲೀಸು ಅಂತ ಎಲ್ಲರೂ ಅಂದುಕೊಂಡಿದ್ದರು.

1921ರ ಆಗಸ್ಟ್‌ನಲ್ಲಿ ರಜೆಗೆಂದು ಕೆನಡಾದ ಕ್ಯಾಂಪೊಬೆಲ್ಲೊ ದ್ವೀಪಕ್ಕೆ ಹೋದರು. ಒಂದು ದಿನ ದೋಣಿ ನಡೆಸಿ, ಕಾಡಿನ ಬೆಂಕಿ ಆರಿಸಲು ಸಹಾಯ ಮಾಡಿ, ತಣ್ಣೀರಲ್ಲಿ ಈಜಿ ಮನೆಗೆ ಬಂದವರಿಗೆ ಚಳಿ ಹಿಡಿಯಿತು. ಮರುದಿನ ಒಂದು ಕಾಲಿನಲ್ಲಿ ಶಕ್ತಿ ಕಡಿಮೆಯಾಯಿತು. ಅದರ ಮರುದಿನದ ಹೊತ್ತಿಗೆ ನಿಲ್ಲಲೂ ಆಗಲಿಲ್ಲ. ಮೊದಲು ನೋಡಿದ ಡಾಕ್ಟರುಗಳಿಗೆ ಕಾಯಿಲೆ ಗೊತ್ತಾಗಲಿಲ್ಲ. ಬಾಸ್ಟನ್‌ನ ಡಾ. ರಾಬರ್ಟ್ ಲೊವೆಟ್ ಇದು ಪೋಲಿಯೊ ಎಂದು ಹೇಳಿದರು. ಅದು ಬೇರೆ ಕಾಯಿಲೆ ಇರಬಹುದು ಎಂದು 2003ರಲ್ಲಿ ಕೆಲವು ವೈದ್ಯರು ವಾದಿಸಿದ್ದಾರೆ. ಹೆಸರು ಏನೇ ಇರಲಿ, 39ನೇ ವಯಸ್ಸಿನಲ್ಲಿ ಸೊಂಟದಿಂದ ಕೆಳಗಿನ ಸ್ನಾಯುಗಳು ಹೋಗಿದ್ದಂತೂ ನಿಜ.

1922ರಲ್ಲಿ ಅವರ ಎರಡೂ ಕಾಲಿಗೆ ಕ್ಯಾಲಿಪರ್ ಬಂತು. ನಮ್ಮೂರುಗಳಲ್ಲೂ ಪೋಲಿಯೊ ಆದವರ ಕಾಲಲ್ಲಿ ನೋಡಿರುತ್ತೇವಲ್ಲ, ಅಂಥದ್ದೇ: ಕಾಲಿನ ಎರಡೂ ಬದಿಗೆ ಉಕ್ಕಿನ ಪಟ್ಟಿ, ಚರ್ಮದ ಬೆಲ್ಟು, ಕೆಳಗೆ ಶೂ, ಮಂಡಿಯ ಹತ್ತಿರ ಒಂದು ಲಾಕ್. ಕೂರುವಾಗ ಲಾಕ್ ತೆಗೆಯಬೇಕು, ನಿಲ್ಲುವಾಗ ಹಾಕಬೇಕು. ಎರಡೂ ಸೇರಿ ಸುಮಾರು ನಾಲ್ಕೂವರೆ ಕಿಲೋ ಉಕ್ಕು. ಕ್ಯಾಲಿಪರ್ ಕಾಲನ್ನು ನಡೆಸುವುದಿಲ್ಲ, ಕಾಲು ಮಡಚಿ ಬೀಳದಂತೆ ಕಂಬದ ಹಾಗೆ ನಿಲ್ಲಿಸುತ್ತದೆ, ಅಷ್ಟೇ. ನಡೆಯುವ ಕೆಲಸವನ್ನು ಹೆಗಲು, ತೋಳು ಮತ್ತು ಕಂಕುಳಲ್ಲಿ ಇಟ್ಟುಕೊಂಡ ಊರುಗೋಲುಗಳು ಮಾಡಬೇಕು. ಹೈಡ್ ಪಾರ್ಕ್ ಮನೆಯಿಂದ ಹೆದ್ದಾರಿವರೆಗೆ ಸುಮಾರು 400 ಮೀಟರ್ ದಾರಿ. ಆ ದಾರಿಯ ಕೊನೆ ಮುಟ್ಟಬೇಕು ಎನ್ನುವುದನ್ನೇ ಗುರಿ ಮಾಡಿಕೊಂಡು ಅವರು ದಿನಾ ಊರುಗೋಲು ಹಾಕಿ ಹೊರಡುತ್ತಿದ್ದರು. ಬೆವರಿ, ಸುಸ್ತಾಗಿ, ಅರ್ಧದಲ್ಲೇ ವಾಪಸ್ ಬರುತ್ತಿದ್ದ ದಿನಗಳೇ ಹೆಚ್ಚು.

ಇದೆಲ್ಲ ಸಮತಟ್ಟಾದ ನೆಲದ ಮಾತು. ಮೆಟ್ಟಿಲು ಬಂದರೆ ಲೆಕ್ಕವೇ ಬೇರೆ. ನಾವು ಮೆಟ್ಟಿಲು ಹತ್ತುವಾಗ ಮಂಡಿ ಮಡಚಿ ಪಾದವನ್ನು ಮೇಲಿಡುತ್ತೇವೆ. ಆಮೇಲೆ ತೊಡೆಯ ಮುಂದಿನ ಸ್ನಾಯು ಆ ಮಂಡಿಯನ್ನು ನೇರ ಮಾಡುತ್ತದೆ, ಇಡೀ ದೇಹ ಮೇಲೇಳುತ್ತದೆ. 80 ಕಿಲೋ ತೂಕದವರು 15 ಸೆಂಟಿಮೀಟರ್ ಮೆಟ್ಟಿಲು ಹತ್ತಿದರೆ ಸುಮಾರು 118 ಜೂಲ್ ಕೆಲಸ. ದೊಡ್ಡ ನಂಬರ್ ಏನಲ್ಲ. ಆದರೆ ಅದನ್ನು ಮಾಡುವ ಸ್ನಾಯುವೇ ಇಲ್ಲದಿದ್ದರೆ? ಲಾಕ್ ಆದ ಮಂಡಿ ಮಡಚುವುದಿಲ್ಲ. ಹಾಗಾಗಿ ಆ 80 ಕಿಲೋವನ್ನು ಪ್ರತಿ ಮೆಟ್ಟಿಲಿಗೂ ತೋಳುಗಳೇ ಎತ್ತಬೇಕು. ಜೊತೆಗೆ ಬ್ಯಾಲೆನ್ಸ್ ಪ್ರಶ್ನೆ. ಪಾದ ಮತ್ತು ಊರುಗೋಲು ಎರಡಕ್ಕೂ ಸಿಗುವ ಜಾಗ ಒಂದೆರಡು ಮೆಟ್ಟಿಲಿನ ಅಗಲ ಮಾತ್ರ. ಸೆಂಟರ್ ಆಫ್ ಗ್ರ್ಯಾವಿಟಿ ಅದರಿಂದ ಸ್ವಲ್ಪ ಹಿಂದೆ ಹೋದರೂ ಬೀಳುವುದು ನೆಲಕ್ಕಲ್ಲ, ಅಷ್ಟೂ ಮೆಟ್ಟಿಲು ಕೆಳಗೆ.

ಊರುಗೋಲು ಹಿಡಿದವರಿಗೆ ಫಿಸಿಯೊಥೆರಪಿಯವರು ಒಂದು ರೂಲ್ ಹೇಳಿಕೊಡುತ್ತಾರೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ನೋವಿನ ಕಾಲು ಮೊದಲು. ಆಗ ಎತ್ತುವ ಮತ್ತು ಇಳಿಸುವ ಭಾರದ ಕೆಲಸ ಎರಡೂ ಸಲ ಗಟ್ಟಿ ಕಾಲಿಗೇ ಬೀಳುತ್ತದೆ. ಒಳ್ಳೆ ರೂಲು, ನಮ್ಮ ಅಜ್ಜಿಯರಿಗೂ ಕೆಲಸಕ್ಕೆ ಬರುತ್ತದೆ. ಆದರೆ ರೂಸ್‌ವೆಲ್ಟ್ ಅವರಿಗೆ ಗಟ್ಟಿ ಕಾಲು ಅಂತ ಒಂದೂ ಇರಲಿಲ್ಲ.

ಅದಕ್ಕೆ ಮನೆಯಲ್ಲಿ ಅವರು ಬೇರೆ ದಾರಿ ಹುಡುಕಿದರು. ಮೆಟ್ಟಿಲಿಗೆ ಬೆನ್ನು ಹಾಕಿ ಕೂರುವುದು, ಎರಡೂ ಕೈಯನ್ನು ಹಿಂದಿನ ಮೆಟ್ಟಿಲ ಮೇಲೆ ಊರಿ ದೇಹವನ್ನು ಎತ್ತಿ ಹಾಕುವುದು. ಹೀಗೆ ಒಂದೊಂದೇ ಮೆಟ್ಟಿಲು. ಮನೆಯವರ ಮುಂದೆಯೇ ಇದನ್ನು ಮಾಡುತ್ತಿದ್ದರು, ಮಧ್ಯೆ ಏನೂ ಆಗಿಲ್ಲವೆನ್ನುವಂತೆ ಮಾತಾಡುತ್ತಲೇ ಇರುತ್ತಿದ್ದರು. ಹೈಡ್ ಪಾರ್ಕ್ ಮನೆಯಲ್ಲಿ ಪೆಟ್ಟಿಗೆಗಳನ್ನು ಮೇಲೆ ಸಾಗಿಸುವ ಒಂದು ಸಣ್ಣ ಲಿಫ್ಟ್ ಇತ್ತು, ಹಗ್ಗ ಎಳೆದರೆ ಏರುವಂಥದ್ದು. ಅವರು ಅದರೊಳಗೆ ಕೂತು ತಾವೇ ಹಗ್ಗ ಎಳೆದುಕೊಂಡು ಮೇಲೆ ಹೋಗುತ್ತಿದ್ದರು. ಬೆಂಕಿ ಎಂದರೆ ಅವರಿಗೆ ತುಂಬಾ ಭಯ. ಓಡಲಾಗದವನು ಬೆಂಕಿ ಬಿದ್ದ ಮನೆಯಿಂದ ಹೇಗೆ ಹೊರಬರುವುದು ಅಂತ ನೆಲದ ಮೇಲೆ ತೆವಳುವುದನ್ನೂ ಪ್ರಾಕ್ಟೀಸ್ ಮಾಡಿದ್ದರು.

ಮನೆಯಲ್ಲಿ ಹೇಗೋ ಆಯಿತು, ಆಫೀಸಿಗೆ? ಅವರು ಪಾಲುದಾರರಾಗಿದ್ದ ವಕೀಲರ ಕಚೇರಿ ವಾಲ್ ಸ್ಟ್ರೀಟ್‌ನಲ್ಲಿತ್ತು. ಅದರ ಬಾಗಿಲಲ್ಲೇ ಕಡಿದಾದ ಮೆಟ್ಟಿಲುಗಳು. ರಸ್ತೆಯಲ್ಲಿ ಹೋಗುವವರ ಎದುರು ದಿನಾ ಯಾರಾದರೂ ಎತ್ತಿಕೊಂಡು ಹೋಗುವುದು ಅವರಿಗೆ ಬೇಡವಾಗಿತ್ತು. ಕೊನೆಗೆ ಆ ಪಾಲುದಾರಿಕೆಯನ್ನೇ ಬಿಟ್ಟರು. ಇನ್ನೊಂದು ಕಂಪನಿಯ ಕೆಲಸ ಬ್ರಾಡ್‌ವೇಯ ದೊಡ್ಡ ಕಟ್ಟಡದಲ್ಲಿತ್ತು, ಅಲ್ಲಿ ಲಿಫ್ಟ್ ಇತ್ತು. 1922ರ ಅಕ್ಟೋಬರ್‌ನಲ್ಲಿ ಮೊದಲ ದಿನ ಅಲ್ಲಿಗೆ ಹೋದಾಗ ನುಣುಪಾದ ನೆಲದ ಮೇಲೆ ಊರುಗೋಲು ಜಾರಿ ಎಲ್ಲರೆದುರು ಬಿದ್ದರು. ನಗುತ್ತಲೇ ಪಕ್ಕದ ಯುವಕರನ್ನು ಕರೆದು, ಎಬ್ಬಿಸಿ ನಿಲ್ಲಿಸಲು ಹೇಳಿದರು. ಅಲ್ಲಿ ನಿಂತಿದ್ದವರಲ್ಲಿ ಬೇಸಿಲ್ ಓಕಾನರ್ ಎಂಬ ವಕೀಲರೂ ಇದ್ದರಂತೆ. ಮುಂದೆ ರೂಸ್‌ವೆಲ್ಟ್ ಅವರ ಪಾಲುದಾರರಾದವರು ಅವರೇ. ಅರ್ಹತೆ, ಅನುಭವ ಎಲ್ಲ ಇದ್ದ ಮನುಷ್ಯನೊಬ್ಬ ಎಲ್ಲಿ ಕೆಲಸ ಮಾಡಬೇಕು ಎಂದು ಬಾಗಿಲ ಮುಂದಿನ ಮೆಟ್ಟಿಲು ತೀರ್ಮಾನ ಮಾಡಿತು ಅಂದರೆ ಯೋಚಿಸಿ.

1924ರಲ್ಲಿ ಪಕ್ಷದ ಸಮ್ಮೇಳನ ನ್ಯೂಯಾರ್ಕ್‌ನಲ್ಲಿ ನಡೆಯಿತು. ವೇದಿಕೆಯಲ್ಲಿ ಆಲ್ ಸ್ಮಿತ್ ಅವರ ಹೆಸರನ್ನು ಸೂಚಿಸಿ ಮಾತಾಡಬೇಕಿತ್ತು. ಕುರ್ಚಿಯಿಂದ ಮೈಕಿನವರೆಗಿನ ದೂರವನ್ನು ಮನೆಯಲ್ಲಿ ಅಳತೆ ಮಾಡಿಕೊಂಡು ಮಗ ಜೇಮ್ಸ್ ಜೊತೆ ಅಭ್ಯಾಸ ಮಾಡಿದರು. ಮಾತಾಡುವ ಮುಂಚೆ ಒಬ್ಬರನ್ನು ಕಳಿಸಿ ಭಾಷಣದ ಸ್ಟ್ಯಾಂಡ್ ಅಲ್ಲಾಡಿಸಿ ನೋಡಿಸಿದರು. ಏಕೆಂದರೆ ತಮ್ಮ ಪೂರ್ತಿ ಭಾರ ಅದರ ಮೇಲೇ ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು. ನಮ್ಮ ಭಾಷೆಯಲ್ಲಿ ಲೋಡ್ ಟೆಸ್ಟ್! ಕೊನೆಯ ಕೆಲವು ಹೆಜ್ಜೆ ಒಬ್ಬರೇ ಊರುಗೋಲಿನಲ್ಲಿ ನಡೆದರು. ಇಡೀ ಸಭೆ ಉಸಿರು ಬಿಗಿಹಿಡಿದು ನೋಡಿತು.

ಅದೇ ವರ್ಷ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದರು. ಅಲ್ಲಿ ನೆಲದಿಂದ ಬರುವ ನೀರು ಸುಮಾರು 31 ಡಿಗ್ರಿ ಬೆಚ್ಚಗಿರುತ್ತದೆ. ನೀರಿನಲ್ಲಿ ದೇಹ ಹಗುರ, ಅಲ್ಲಿ ಅವರಿಗೆ ಕಾಲು ಆಡಿಸಲು ಆಗುತ್ತಿತ್ತು. 1926ರಲ್ಲಿ ತಮ್ಮ ಆಸ್ತಿಯ ದೊಡ್ಡ ಪಾಲು ಹಾಕಿ ಆ ಜಾಗವನ್ನೇ ಕೊಂಡು, ಪೋಲಿಯೊ ಆದವರಿಗೆ ಚಿಕಿತ್ಸಾ ಕೇಂದ್ರ ಮಾಡಿದರು. ಕಂಕುಳ ಊರುಗೋಲು ಬಿಟ್ಟು ನಡೆಯುವ ಒಂದು ಉಪಾಯವನ್ನೂ ಅಲ್ಲೇ ಕಲಿತರು. ಒಂದು ಕೈಯಲ್ಲಿ ಕೈಗೋಲು, ಇನ್ನೊಂದು ಕೈ ಮಗನ ತೋಳಿನ ಮೇಲೆ. ಮಗ ತನ್ನ ತೋಳನ್ನು 90 ಡಿಗ್ರಿಗೆ ಮಡಚಿ ಕಬ್ಬಿಣದ ರೇಲಿಂಗ್ ಹಾಗೆ ಬಿಗಿಯಾಗಿ ಹಿಡಿಯಬೇಕು. ರೂಸ್‌ವೆಲ್ಟ್ ಸೊಂಟ ತಿರುಗಿಸಿ ಒಂದೊಂದು ಕಾಲನ್ನು ಮುಂದಕ್ಕೆ ಬೀಸುತ್ತಿದ್ದರು. 1928ರಲ್ಲಿ ಹ್ಯೂಸ್ಟನ್ ಸಮ್ಮೇಳನದಲ್ಲಿ ಮಗ ಎಲಿಯಟ್ ಜೊತೆ ಹೀಗೆ ನಡೆದು ಬಂದಾಗ, ಸ್ವಲ್ಪ ಕುಂಟುತ್ತಾರೆ ಅಷ್ಟೇ ಅಂತ ಜನ ಅಂದುಕೊಂಡರು.

ಅದೇ ವರ್ಷ ನ್ಯೂಯಾರ್ಕ್ ಗವರ್ನರ್ ಚುನಾವಣೆ. ಒಂದು ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು, ಒಳಗಿಂದ ವೇದಿಕೆಗೆ ಹೋಗುವ ಹಾಗಿರಲಿಲ್ಲ. ಕಟ್ಟಡದ ಹೊರಗೆ ಬೆಂಕಿ ಅನಾಹುತಕ್ಕೆಂದು ಇಟ್ಟಿದ್ದ ಕಬ್ಬಿಣದ ಮೆಟ್ಟಿಲಿನಲ್ಲಿ ಅವರನ್ನು ತೋಳಲ್ಲಿ ಎತ್ತಿಕೊಂಡು ಮೇಲಕ್ಕೆ ಒಯ್ದರು. ಮೇಲೆ ಹೋಗಿ ಬಟ್ಟೆ ಸರಿ ಮಾಡಿಕೊಂಡು, ನಗುಮುಖದಲ್ಲಿ ಭಾಷಣ ಮಾಡಿದರು. ಗವರ್ನರ್ ಆದರು. 1932ರಲ್ಲಿ ದೇಶದ ಅಧ್ಯಕ್ಷರಾಗಿಯೂ ಆಯ್ಕೆಯಾದರು.

ಅಲ್ಲಿಂದ ಮುಂದೆ ಮೆಟ್ಟಿಲುಗಳೇ ಅವರಿಗೆ ದಾರಿ ಬಿಡತೊಡಗಿದವು. ಅಧ್ಯಕ್ಷರು ಹೋಗುವ ಕಡೆಯೆಲ್ಲ ಮೊದಲೇ ಮರದ ರ‍್ಯಾಂಪ್ ಬರುತ್ತಿತ್ತು. ಸಾದಾ ಕುರ್ಚಿಗೆ ಚಕ್ರ ಹಾಕಿಸಿಕೊಂಡ, ಕಿರಿದಾದ ಬಾಗಿಲಲ್ಲೂ ತೂರುವ ಗಾಲಿಕುರ್ಚಿ ಇತ್ತು. ಕೈಯಲ್ಲೇ ಬ್ರೇಕ್, ಕ್ಲಚ್ ನಡೆಸುವ ಕಾರು ಇತ್ತು. ಇಷ್ಟಿದ್ದರೂ 1936ರಲ್ಲಿ ಫಿಲಡೆಲ್ಫಿಯಾದಲ್ಲಿ ಸುಮಾರು ಒಂದು ಲಕ್ಷ ಜನರ ಸಭೆಯಲ್ಲಿ ವೇದಿಕೆಗೆ ಹೋಗುವಾಗ ಕ್ಯಾಲಿಪರ್ ಲಾಕ್ ಬಿಚ್ಚಿಕೊಂಡು ಬಿದ್ದುಬಿಟ್ಟರು. ಅಂಗರಕ್ಷಕರು ಸುತ್ತುಗಟ್ಟಿ ಎಬ್ಬಿಸಿದರು, ಲಾಕ್ ಹಾಕಿದರು, ಕೆಸರಾದ ಹಾಳೆಗಳನ್ನು ಜೋಡಿಸಿಕೊಟ್ಟರು. ಕೆಲವೇ ನಿಮಿಷದಲ್ಲಿ ಭಾಷಣ ಶುರು. ಮರುದಿನದ ಪೇಪರುಗಳಲ್ಲಿ ಆ ಬಿದ್ದ ಫೋಟೋ ಬರಲಿಲ್ಲ. ಗಾಲಿಕುರ್ಚಿಯಲ್ಲಿರುವ ಅವರ ಫೋಟೋಗಳು ಇವತ್ತಿಗೂ ಬೆರಳೆಣಿಕೆಯಷ್ಟೇ ಇವೆ. ಪೋಲಿಯೊ ಆಗಿದೆ ಎಂದು ದೇಶಕ್ಕೆ ಗೊತ್ತಿತ್ತು. ಎಷ್ಟರ ಮಟ್ಟಿಗೆ ಎನ್ನುವುದನ್ನು ಅವರೂ ತೋರಿಸಲಿಲ್ಲ, ಪತ್ರಿಕೆಗಳೂ ತೋರಿಸಲಿಲ್ಲ.

1938ರ ಹೊತ್ತಿಗೆ ಹೈಡ್ ಪಾರ್ಕ್ ಹತ್ತಿರದ ಬೆಟ್ಟದ ಮೇಲೆ ತಮಗಾಗಿ ಟಾಪ್ ಕಾಟೇಜ್ ಎಂಬ ಸಣ್ಣ ಮನೆಗೆ ತಾವೇ ಪ್ಲಾನ್ ಹಾಕಿದರು. ಅದರಲ್ಲಿ ಬಾಗಿಲುಗಳಿಗೆ ಹೊಸ್ತಿಲಿಲ್ಲ. ಕೂತವರಿಗೂ ಹೊರಗೆ ಕಾಣಲೆಂದು ಕಿಟಕಿಗಳು ತಗ್ಗಿನಲ್ಲಿವೆ. ಅಂದರೆ ಏನು ಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಊರುಗೋಲು, ಕ್ಯಾಲಿಪರ್, ಮಗನ ತೋಳು ಇವೆಲ್ಲ ಮನುಷ್ಯನನ್ನು ಮೆಟ್ಟಿಲಿನ ಬುಡದವರೆಗೆ ತರುತ್ತವೆ. ಅಲ್ಲಿಂದ ಮುಂದಿನ ಜವಾಬ್ದಾರಿ ಕಟ್ಟಡದ್ದು. ಇದನ್ನು ಅವರು ತಮ್ಮ ಮನೆಯಲ್ಲಿ, ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಮಾಡಿ ತೋರಿಸಿದರು. ಆದರೆ ದೇಶದ ಕಟ್ಟಡಗಳಿಗೆ ಇದೇ ನಿಯಮ ಎಂದು ಮಾಡಲಿಲ್ಲ. ಕಷ್ಟವನ್ನೇ ಮುಚ್ಚಿಟ್ಟ ಮೇಲೆ ಅದಕ್ಕೆ ಕಾನೂನು ಕೇಳುವುದು ಹೇಗೆ? ಕುಂಟುವ ನಾಯಕನಿಗೆ ಆ ಕಾಲದ ಜನ ವೋಟು ಹಾಕುತ್ತಿದ್ದರೇ ಎಂಬ ಅವರ ಭಯವೂ ಸುಳ್ಳೇನಲ್ಲ. ಅವರಿಗೆ ಹಾಕಿದ ರ‍್ಯಾಂಪುಗಳು ಅವರು ಹೊರಟ ಮೇಲೆ ಎದ್ದುಹೋಗುತ್ತಿದ್ದವು. ಉಳಿದವರಿಗೆ ಮೆಟ್ಟಿಲು ಹಾಗೇ ಉಳಿಯಿತು.

1945ರ ಮಾರ್ಚ್ 1ರಂದು ಯಾಲ್ಟಾದಿಂದ ಬಂದು ಸಂಸತ್ತಿನಲ್ಲಿ ಮೊದಲ ಬಾರಿ ಕೂತುಕೊಂಡೇ ಭಾಷಣ ಮಾಡಿದರು. ಕಾಲಿಗೆ ಕಟ್ಟಿದ ಉಕ್ಕಿನ ಭಾರದ ಬಗ್ಗೆ ಬಾಯಿಬಿಟ್ಟು ಹೇಳಿ ಕ್ಷಮೆ ಕೋರಿದರು. ಆರು ವಾರದಲ್ಲಿ, ಏಪ್ರಿಲ್ 12ರಂದು, ವಾರ್ಮ್ ಸ್ಪ್ರಿಂಗ್ಸ್‌ನಲ್ಲೇ ತೀರಿಕೊಂಡರು. 1938ರಲ್ಲಿ ಅವರು ಆರಂಭಿಸಿದ, ಓಕಾನರ್ ನಡೆಸಿದ ಪ್ರತಿಷ್ಠಾನ ಜನರಿಂದ ಪುಡಿಗಾಸು ಕೂಡಿಸಿ ಪೋಲಿಯೊ ಸಂಶೋಧನೆಗೆ ಕೊಟ್ಟಿತು. ಸಾಲ್ಕ್ ಲಸಿಕೆ ಕೆಲಸ ಮಾಡುತ್ತದೆ ಎಂದು ಪ್ರಕಟವಾದದ್ದು 1955ರ ಏಪ್ರಿಲ್ 12, ಅವರು ಹೋಗಿ ಸರಿಯಾಗಿ ಹತ್ತು ವರ್ಷಕ್ಕೆ.

ಮೆಟ್ಟಿಲಿನ ಕತೆ ಮುಗಿಯಲು ಇನ್ನೂ 35 ವರ್ಷ ಬೇಕಾಯಿತು. 1990ರ ಮಾರ್ಚ್ 12ರಂದು ವಾಷಿಂಗ್ಟನ್‌ನ ಸಂಸತ್ ಭವನದ ಮುಂದೆ ಹತ್ತಾರು ಜನ ತಮ್ಮ ಊರುಗೋಲು, ಗಾಲಿಕುರ್ಚಿ ಕೆಳಗೆ ಬಿಟ್ಟು ಕಲ್ಲಿನ ಮೆಟ್ಟಿಲುಗಳನ್ನು ಕೈಯೂರಿ, ತೆವಳಿ ಹತ್ತಿದರು. ಅವರಲ್ಲಿ ಎಂಟು ವರ್ಷದ ಹುಡುಗಿಯೂ ಇದ್ದಳು. ರೂಸ್‌ವೆಲ್ಟ್ ಮನೆಯವರ ಮುಂದೆ ಮಾತ್ರ ಮಾಡಿದ್ದನ್ನು ಇವರು ಕ್ಯಾಮೆರಾಗಳ ಮುಂದೆ ಮಾಡಿದರು. ಆ ಜುಲೈ 26ರಂದು ಅಂಗವಿಕಲರ ಹಕ್ಕಿನ ಕಾನೂನಿಗೆ ಸಹಿ ಬಿತ್ತು. ವಾಷಿಂಗ್ಟನ್‌ನ ರೂಸ್‌ವೆಲ್ಟ್ ಸ್ಮಾರಕದಲ್ಲಿ ಗಾಲಿಕುರ್ಚಿಯಲ್ಲಿ ಕೂತ ಅವರ ಪ್ರತಿಮೆ ಬಂದಿದ್ದು 2001ರಲ್ಲಿ, ಅದೂ ಜನ ಕೇಳಿದ ಮೇಲೆ.

ನಮ್ಮಲ್ಲೂ 2016ರ ಕಾನೂನು ಇದೆ. ರ‍್ಯಾಂಪಿನ ಇಳಿಜಾರು 1:12 ಇರಬೇಕು ಎನ್ನುತ್ತವೆ ಮಾರ್ಗಸೂಚಿಗಳು. 15 ಸೆಂಟಿಮೀಟರಿನ ಹತ್ತು ಮೆಟ್ಟಿಲಿಗೆ 18 ಮೀಟರ್ ರ‍್ಯಾಂಪ್ ಬೇಕು. ಕಟ್ಟಡ ಕಟ್ಟಿ ಮುಗಿದ ಮೇಲೆ ಅಷ್ಟು ಜಾಗ ಎಲ್ಲೂ ಸಿಗುವುದಿಲ್ಲ, ಪ್ಲಾನ್ ಹಾಕುವಾಗಲೇ ಬಿಡಬೇಕು. ಮುಂದೆ ಆ ಪ್ಲಾನ್ ಹಾಕುವವರು, ಆ ಲಿಫ್ಟ್, ಆ ಊರುಗೋಲು ಡಿಸೈನ್ ಮಾಡುವವರು ಈ ಪತ್ರಿಕೆ ಓದುವ ನಾವೇ. ಮೆಟ್ಟಿಲಿನ ಡ್ರಾಯಿಂಗ್ ಬರೆಯುವಾಗ ಅದರ ಬುಡದಲ್ಲಿ ಕ್ಯಾಲಿಪರ್ ಹಾಕಿಕೊಂಡ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳೋಣ. ಆತ ಅಧ್ಯಕ್ಷನೇ ಆಗಿರಬೇಕಿಲ್ಲ.